ಅತ್ತೆಯ ಬೀಫ್ ಟೋಸ್ಟು, ಅಕ್ಕನ ಶುಕ್ರವಾರ

ದನದ ಮಾಂಸದ ಟೋಸ್ಟು ಮಾಡುವುದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ನಮ್ಮ ಬಳಗದಲ್ಲಿ ಇನ್ನೊಬ್ಬರಿಲ್ಲ. ಮಾಡುವುದಿಲ್ಲ, ಅಷ್ಟೆ. ಮಕ್ಕಳು ಕೇಳಿ ಕೇಳಿ ಸುಮ್ಮನಾದರು. ಸೊಸೆ ಒಮ್ಮೆ ಪುಸ್ತಕ ಪೆನ್ನು ಹಿಡಿದುಕೊಂಡೇ ಬಂದು ಎದುರಿಗೆ ಕೂತಳು. ಅವಳಿಗೆ ಮೊಟ್ಟೆಯದ್ದನ್ನು ಹೇಳಿಕೊಟ್ಟು ಕಳಿಸಿದೆ. ಇದನ್ನು ನನಗೆ ಕಲಿಸಿದವಳು ಅಪ್ಪನ ಅಕ್ಕ, ನನ್ನ ಅತ್ತೆ. ಅವಳು ಸತ್ತು ಎಷ್ಟೋ ವರ್ಷವಾಯಿತು. ಅವಳ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ.

ನಾವಿದ್ದದ್ದು ಹೆಬ್ಬಾಳದಲ್ಲಿ, ದನದ ಆಸ್ಪತ್ರೆಯ ಕಾಂಪೌಂಡಿನೊಳಗಿನ ಮನೆಯಲ್ಲಿ. ಅಪ್ಪ ಅಲ್ಲಿ ಕಂಪೌಂಡರ್. ಐವತ್ತರ ದಶಕದ ಕೊನೆಯ ವರ್ಷಗಳು. ಕೆರೆಯ ಆಚೆ ರಾಗಿ ಹೊಲ, ಈಚೆ ಬಳ್ಳಾರಿ ರಸ್ತೆ, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಬಸ್ಸು. ಬೆಳಗ್ಗೆ ಏಳಕ್ಕೆಲ್ಲ ಕೆಂಪಾಪುರದ ಕಡೆಯ ರೈತರು ಕುಂಟುವ ಎತ್ತನ್ನೋ ಹೊಟ್ಟೆ ಉಬ್ಬರಿಸಿದ ಹಸುವನ್ನೋ ಹೊಡೆದುಕೊಂಡು ಬಂದು ನಮ್ಮ ಕಿಟಕಿಯ ಮುಂದಿನ ಬೇವಿನ ಮರಕ್ಕೆ ಕಟ್ಟುತ್ತಿದ್ದರು. ಅಪ್ಪ ಹಗಲೆಲ್ಲ ಆ ದನಗಳ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹುಯ್ಯುತ್ತಿದ್ದರು. ಒಳಗೆ ಅತ್ತೆ, ವಾರಕ್ಕೊಮ್ಮೆ, ಶಿವಾಜಿನಗರದ ಮಾರ್ಕೆಟ್ಟಿನಿಂದ ತಂದ ದನದ ಮಾಂಸ ಬೇಯಿಸುತ್ತಿದ್ದಳು. ನಾವು ಕ್ರೈಸ್ತರು, ಪ್ರಾಟೆಸ್ಟೆಂಟರು. ನಮ್ಮ ಊಟದಲ್ಲಿ ಕದ್ದುಮುಚ್ಚುವಂಥದ್ದೇನೂ ಇರಲಿಲ್ಲ. ಆದರೂ ಮಾಂಸ ಬೇಯುವ ದಿನ ಅಪ್ಪ ಓಡಿ ಬಂದು ಮುಂದಿನ ಕಿಟಕಿ ಮುಚ್ಚುತ್ತಿದ್ದರು.

"ಹೊರಗೆ ಜನ ದನ ಹಿಡ್ಕೊಂಡು ನಿಂತಿದ್ದಾರೆ. ಸ್ವಲ್ಪನಾದ್ರೂ ಸಂಕೋಚ ಬೇಡ್ವಾ ಅಕ್ಕಾ?"

"ನಿನ್ನ ಕೈಲಿ ಸಾಯೋದಕ್ಕಿಂತ ನನ್ನ ಕೈಲಿ ಬೇಯೋದು ವಾಸಿ ಬಿಡೋ" ಎನ್ನುತ್ತಿದ್ದಳು ಅತ್ತೆ.

ಕಿಟಕಿ ಮುಚ್ಚಿದರೂ ವಾಸನೆ ನಿಲ್ಲುತ್ತದೆಯೇ? ಯಾರಾದರೂ ರೈತ ಮೂಗರಳಿಸಿ, "ಏನ್ ಕಂಪೌಂಡ್ರೇ, ಒಳ್ಳೆ ಗಮಗಮಾ ಅಂತೈತೆ, ಇವತ್ತು ಮನೇಲಿ ಕುರಿ ಬಾಡಾ?" ಎಂದು ಕೇಳುತ್ತಿದ್ದ. ಅಪ್ಪ "ಹೂಂ" ಅನ್ನುತ್ತಿದ್ದರು. ಅಪ್ಪನ ಕೆಲಸವೇ ಹೂಂ ಅನ್ನುವುದು. ಯಾರು ಏನು ಕೇಳಿದರೂ ಹೂಂ, ಏನು ಹೇಳಿದರೂ ಹೂಂ. ಅಮ್ಮ ಸತ್ತಾಗ ನನಗೆ ಎಂಟು ವರ್ಷ. ಮನೆ ನಾನು ನೋಡಿಕೊಳ್ಳುತ್ತೇನೆಂದು ಅತ್ತೆ ಬಂದಾಗಲೂ ಅವರು ಅಂದದ್ದು ಅದನ್ನೇ.

ಅದಕ್ಕೂ ಮೊದಲು ಅತ್ತೆ ದಂಡಿನಲ್ಲಿ, ಎಂದರೆ ಕಂಟೋನ್ಮೆಂಟಿನಲ್ಲಿ, ಒಬ್ಬ ದೊರೆಯ ಬಂಗಲೆಯಲ್ಲಿ ಅಡುಗೆಗಿದ್ದವಳು. ದೊರೆ ದೇಶ ಬಿಟ್ಟು ಹೋದಮೇಲೆ ಒಂದು ತಗಡಿನ ಟ್ರಂಕು, ಎರಡು ಕಬ್ಬಿಣದ ಕಾವಲಿ, ಜಗತ್ತಿನ ಮೇಲಿನ ಅಸಾಧ್ಯ ಸಿಟ್ಟು, ಇಷ್ಟನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ಬಂಗಲೆಯ ಕಥೆ ಮಾತ್ರ ಮುಗಿಯಲೇ ಇಲ್ಲ. ಅದರಲ್ಲಿ ಒಂದನ್ನು ನಾನು ನೂರು ಸಲ ಕೇಳಿರಬೇಕು. ಆ ದೊರೆಸಾನಿ ರೋಮನ್ ಕ್ಯಾಥೊಲಿಕ್, ನಮ್ಮ ಬಾಯಲ್ಲಿ ಹೇಳುವುದಾದರೆ ಆರ್.ಸಿ. ಅವರಲ್ಲಿ ಆಗ ಶುಕ್ರವಾರ ಮಾಂಸ ಮುಟ್ಟುವಂತಿರಲಿಲ್ಲ. "ಶುಕ್ರವಾರ ಬಂತು ಅಂದ್ರೆ ಆ ಬಂಗಲೇಲಿ ಬಾಡಿನ ವಾಸನೆ ಇರಕೂಡದು. ಮೀನು, ಮೊಟ್ಟೆ, ಅಷ್ಟೇ. ನಾಯಿಗೂ ಮೀನೇ!" ಎಂದು ಅತ್ತೆ ಕೈ ಬೀಸಿ ಹೇಳಿ ನಗುತ್ತಿದ್ದಳು. ನಾಯಿಗೂ ಮೀನೇ ಎನ್ನುವ ಜಾಗಕ್ಕೆ ಬಂದಾಗ ನಾನೂ ಅಕ್ಕನೂ ಅವಳ ಬೆನ್ನ ಹಿಂದೆ ಬಾಯಿ ಆಡಿಸಿ ಅಣಕಿಸುತ್ತಿದ್ದೆವು.

ಟೋಸ್ಟು ಅವಳ ಹೆಮ್ಮೆ. ಯಾರಾದರೂ ಬರುತ್ತಾರೆಂದರೆ ಬೇರೆಯವರ ಮನೆಯಲ್ಲಿ ಉಪ್ಪಿಟ್ಟು, ಬೋಂಡ. ನಮ್ಮಲ್ಲಿ ಬೀಫ್ ಟೋಸ್ಟು. ಮೂಳೆಯಿಲ್ಲದ ತೊಡೆಯ ಮಾಂಸವನ್ನು ಹಿಂದಿನ ದಿನವೇ ವಿನಿಗರ್, ಮೆಣಸು, ಲವಂಗ, ಬೆಳ್ಳುಳ್ಳಿ ಹಾಕಿ ನೀರು ಇಂಗುವವರೆಗೆ ಬೇಯಿಸಿಡಬೇಕು. ವಿನಿಗರ್ ಇರುವುದರಿಂದ ಎರಡು ದಿನ ಏನೂ ಕೆಡುವುದಿಲ್ಲ. ಬಡಿಸುವ ದಿನ ಅದನ್ನು ಬಿಸಿ ಮಾಡಿ, ಒರಳಿಗೆ ಹಾಕಿ, ಕರಗಿಸಿದ ಕೊಬ್ಬನ್ನು ಚಮಚ ಚಮಚವಾಗಿ ಬಿಡುತ್ತಾ ಒನಕೆಯಲ್ಲಿ ಕುಟ್ಟಬೇಕು. ಎಳೆಯೆಲ್ಲ ಬಿಟ್ಟು ಬೆಣ್ಣೆಯ ಹಾಗಾಗಬೇಕು. ಅತ್ತೆಯ ಕಟ್ಟಪ್ಪಣೆ ಇದ್ದದ್ದು ಇಲ್ಲೇ. ಕುಟ್ಟಲು ಶುರು ಮಾಡಿದ ಮೇಲೆ ನಿಲ್ಲಿಸಕೂಡದು. ನಿಲ್ಲಿಸಿದರೆ ಕೊಬ್ಬು ಆರಿ ಹೆಪ್ಪುಗಟ್ಟುತ್ತದೆ, ಮಾಂಸ ನಾರು ನಾರಾಗಿಯೇ ಉಳಿಯುತ್ತದೆ. ಬಾಗಿಲಿಗೆ ಯಾರು ಬಂದರೂ, ಪಕ್ಕದ ಒಲೆಯಲ್ಲಿ ಹಾಲು ಉಕ್ಕಿ ಸುರಿದರೂ ಕೈ ನಿಲ್ಲಿಸುವಂತಿಲ್ಲ. ಒಮ್ಮೆ ಸೀನು ಬಂತೆಂದು ನಿಲ್ಲಿಸಿದ್ದಕ್ಕೆ ನನ್ನ ಮೊಣಕೈಗೆ ಸೌಟಿನಿಂದ ಬಿದ್ದ ಪೆಟ್ಟು ವಾರವಿಡೀ ನೀಲಿಗಟ್ಟಿತ್ತು. ಆ ಸಣ್ಣ ಮನೆಯ ಯಾವ ಮೂಲೆಯಲ್ಲಿದ್ದರೂ ಧಬ್ ಧಬ್ ಎನ್ನುವ ಸದ್ದು ಕೇಳುತ್ತಿತ್ತು. ಶುರುವಾಯಿತೆಂದರೆ ಕಾಲು ಗಂಟೆ ಒಂದೇ ಸಮ.

ಬ್ರೆಡ್ಡು ಒಂದು ದಿನ ಹಳೆಯದಾಗಿರಬೇಕು, ಹೊಸದು ಮೆತ್ತಗೆ ಕೂತುಬಿಡುತ್ತದೆ. ಲೋಟವನ್ನು ಬೋರಲು ಹಾಕಿ ಒತ್ತಿ ದುಂಡನೆಯ ಬಿಲ್ಲೆ ತೆಗೆದು, ಕಾವಲಿಯ ಮೇಲೆ ಸಣ್ಣ ಕೆಂಡದಲ್ಲಿ ಎರಡೂ ಮಗ್ಗುಲು ಕೆಂಪಗೆ ಸುಡಬೇಕು. ಮೇಲೆ ಮಾಂಸ ಸವರಿ, ವಿನಿಗರಿನಲ್ಲಿ ನೆನೆಸಿದ ಈರುಳ್ಳಿಯ ಒಂದು ಬಳೆ ಇಟ್ಟರೆ ಮುಗಿಯಿತು. ರುಚಿಯ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಒಂದು ತಿಂದವರು ಇನ್ನೊಂದಕ್ಕೆ ಕೈ ಹಾಕದೆ ಇದ್ದದ್ದನ್ನು ನಾನು ನೋಡಿಲ್ಲ. ನನಗೆ ಅದೂ ಸಿಟ್ಟೇ. ಅಂಥ ಬಾಯಿಯವಳ ಕೈಗೆ ಅಂಥ ರುಚಿಯನ್ನು ದೇವರು ಯಾಕಾದರೂ ಕೊಟ್ಟನೋ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಪೇಟೆಯ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು, ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದಳು. ಅತ್ತೆಗೆ ಕಾಲು ಬಾತುಕೊಳ್ಳುವ ಕಾಯಿಲೆ. ಡ್ಯೂಟಿ ಮುಗಿಸಿ ಬಂದು ಅಕ್ಕ ಆ ಕಾಲಿಗೆ ಎಣ್ಣೆ ತಿಕ್ಕಿ, ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಬೇಕಿತ್ತು. ನಾನು ಸುತ್ತಿದರೆ ಅತ್ತೆಗೆ ಆಗುತ್ತಿರಲಿಲ್ಲ. "ನಿನ್ನ ಕೈಯಲ್ಲ ಅದು, ಕೊಡಲಿ" ಎನ್ನುತ್ತಿದ್ದಳು.

ಅಕ್ಕನ ವಾರ್ಡಿನಲ್ಲಿ ಒಬ್ಬ ಹೆಂಗಸು ಟೈಫಾಯಿಡ್ ಆಗಿ ತಿಂಗಳು ಮಲಗಿದ್ದರು. ಅವರ ಮಗ ಯಶವಂತಪುರದ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ದಿನವೂ ಸಂಜೆ ತಾಯಿಗೆ ಗಂಜಿ ತರುತ್ತಿದ್ದವನು ತಾಯಿ ಗುಣವಾಗಿ ಮನೆಗೆ ಹೋದ ಮೇಲೂ ಆಸ್ಪತ್ರೆಗೆ ಬರುವುದನ್ನು ಬಿಡಲಿಲ್ಲ. ಜ್ವರ ತಾಯಿಗೆ ಬಿಟ್ಟು ಮಗನಿಗೆ ಹಿಡಿಯಿತು ಎಂದು ನಾನು ಅಕ್ಕನನ್ನು ರೇಗಿಸುತ್ತಿದ್ದೆ. ಅಕ್ಕ ಹೊಡೆಯಲು ಕೈ ಎತ್ತಿ ಹೊಡೆಯದೆ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಅವನನ್ನೇ ಮದುವೆಯಾಗುತ್ತೇನೆ, ಅವನಲ್ಲದಿದ್ದರೆ ಮದುವೆಯೇ ಬೇಡ ಎಂದು ಒಂದು ದಿನ ಅಪ್ಪನ ಎದುರು ನಿಂತು ಹೇಳಿಯೂಬಿಟ್ಟಳು.

ಅಪ್ಪ ಹೂಂ ಅಂದರು. ಅತ್ತೆ ಮಾತ್ರ "ಯಾವ ಸಭೆಯವರು?" ಎಂದು ಕೇಳಿದಳು.

"ಆರ್.ಸಿ."

ಅನ್ನದಲ್ಲಿ ಕಲ್ಲು ಸಿಕ್ಕಿದವರ ಹಾಗೆ ಅತ್ತೆ ಮುಖ ಮಾಡಿದಳು. "ಮದ್ವೆ ಆದ್ಮೇಲೆ ನಿನ್ನ ತಲೆಗೆ ಮತ್ತೆ ದೀಕ್ಷಾಸ್ನಾನದ ನೀರು ಹುಯ್ತಾರೆ, ಗೊತ್ತಾ? ಇಷ್ಟು ವರ್ಷ ಮಾಡಿದ ಪ್ರಾರ್ಥನೆಯೆಲ್ಲ ಲೆಕ್ಕಕ್ಕಿಲ್ಲ ಅಂತಾರೆ." ಆಮೇಲೆ ನಿಜವಾದ ಮಾತು ಬಂತು. "ನೀನು ಹೋದ್ರೆ ನನ್ನ ಕಾಲು ಯಾರು ನೋಡ್ತಾರೆ? ಇವಳಾ?"

ಇವಳು ಎಂದರೆ ನಾನು. ನನ್ನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನನಗಾಗ ಹದಿನೆಂಟು. ಆ ವರ್ಷ ತುಮಕೂರಿನಲ್ಲಿ ಟೀಚರ್ ಟ್ರೈನಿಂಗ್‌ಗೆ ನನಗೆ ಸೀಟು ಸಿಕ್ಕಿತ್ತು. ಅಲ್ಲೇ ಹಾಸ್ಟೆಲಿನಲ್ಲಿರಬೇಕು. ಅಪ್ಪ ಒಪ್ಪಿದ್ದರು. ಅಕ್ಕನ ಮಾತು ಎದ್ದ ಮೇಲೆ ಅದೇ ಅಪ್ಪ ನನ್ನನ್ನು ಬೇವಿನ ಮರದ ಕೆಳಗೆ ಕರೆದು, "ಇಬ್ರೂ ಹೋದ್ರೆ ಹೆಂಗಮ್ಮ? ಅತ್ತೆ ಕಾಲು ನೋಡಿದೀಯಲ್ಲ, ಮನೇಲಿ ಒಬ್ರು ಇರ್ಬೇಕು. ಅವಳ ಮದ್ವೆ ಮುಗೀಲಿ, ನಿಂದು ಮುಂದಿನ ವರ್ಷ ನೋಡೋಣ" ಅಂದರು. ಅಪ್ಪನ ಮುಂದಿನ ವರ್ಷ ಯಾವತ್ತೂ ಬರುವಂಥದ್ದಲ್ಲ. ಅಕ್ಕ ಹೋದರೆ ನಾನು ಉಳಿಯಬೇಕು, ಆ ಅಡುಗೆಮನೆಯಲ್ಲಿ, ಆ ಹೆಂಗಸಿನ ಜೊತೆ. ಅಕ್ಕ ಉಳಿದರೆ ನಾನು ಹೋಗಬಹುದು. ಇಷ್ಟು ಗೊತ್ತಿದ್ದೂ ಅಕ್ಕನಿಗೆ ಒಳ್ಳೆಯದಾಗಲಿ ಎಂದೇ ನಾನು ಬಯಸಿದೆ. ಬಯಸಿದೆ ಎಂದೇ ಅಂದುಕೊಂಡಿದ್ದೆ.

ಹುಡುಗನ ತಾಯಿಗೆ ಅಕ್ಕನೆಂದರೆ ಪ್ರಾಣ. ತೊಡಕಿದ್ದದ್ದು ಅವರ ತಮ್ಮನದು, ಹುಡುಗನ ಸೋದರಮಾವನದು. ಆತ ಅವರ ಚರ್ಚಿನಲ್ಲಿ ಉಪದೇಶಿ. ಮಕ್ಕಳಿಗೆ ಜಪ ಕಲಿಸುವುದು, ಪಾದ್ರಿ ಇಲ್ಲದ ಹಳ್ಳಿಗೆ ಹೋಗಿ ಪ್ರಾರ್ಥನೆ ನಡೆಸುವುದು ಅವರ ಕೆಲಸ. ಆ ಮಾವ ಒಪ್ಪಿದರೆ ಮದುವೆ, ಇಲ್ಲದಿದ್ದರೆ ಇಲ್ಲ. ಅವರು ಮೂವರೂ ಒಂದು ಗುರುವಾರ ಸಂಜೆ ಹೆಣ್ಣು ನೋಡಲು ಬರುವುದೆಂದಾಯಿತು. ಕಾಫಿ ಸಾಕು ಎಂದು ಹೇಳಿ ಕಳಿಸಿದ್ದರು.

"ಕಾಫಿ ಸಾಕು ಅಂದೋರಿಗೆ ಕಾಫಿ ಒಂದೇ ಕೊಟ್ರೆ ಊರೆಲ್ಲ ಹೇಳ್ಕೊಂಡು ಬರ್ತಾರೆ" ಅಂದಳು ಅತ್ತೆ. "ಟೋಸ್ಟು ಮಾಡೋಣ."

ಅಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ ಅತ್ತೆಯ ಕಾಲಿಗೆ ಅವತ್ತು ಎರಡು ಸಲ ಎಣ್ಣೆ ತಿಕ್ಕಿದಳು. ಅತ್ತೆ ಮೆತ್ತಗಾಗಿದ್ದಾಳೆ ಎಂದುಕೊಂಡಿತು ಆ ಪೆದ್ದು. ಬುಧವಾರ ಮಾಂಸ ಬಂತು, ಬೆಂದಿತು. ಗುರುವಾರ ಬೆಳಗ್ಗೆ ಹುಡುಗ ಸೈಕಲ್ಲು ತುಳಿದುಕೊಂಡು ಬಂದ. ಯಾವುದೋ ಹಳ್ಳಿಯಲ್ಲಿ ಯಾರೋ ತೀರಿಕೊಂಡಿದ್ದರು, ಮಾವ ಮಣ್ಣಿಗೆ ಹೋಗಲೇಬೇಕಾಗಿತ್ತು. ಇವತ್ತು ಆಗುವುದಿಲ್ಲ, ನಾಳೆ ನಾಲ್ಕಕ್ಕೆ ಬರುತ್ತೇವೆ ಎಂದು ಗೇಟಿನಲ್ಲೇ ಹೇಳಿ ಹೋದ.

ಅಕ್ಕನಿಗೆ ಆ ವಾರ ರಾತ್ರಿ ಪಾಳಿ. ಎರಡು ರಾತ್ರಿ ನಿದ್ದೆಗೆಟ್ಟು ಮರುದಿನ ಹತ್ತು ಗಂಟೆಗೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ, "ಅತ್ತೆ, ಮಾಂಸ ಕೆಟ್ಟಿಲ್ಲ ತಾನೆ?" ಎಂದು ಕೇಳಿದಳು.

"ವಿನಿಗರ್ ಇದೆ, ಏನೂ ಆಗಲ್ಲ. ನೀನು ಸ್ವಲ್ಪ ಮಲಕ್ಕೋ ಹೋಗು" ಅಂದಳು ಅತ್ತೆ. ಅಷ್ಟು ಮೃದುವಾಗಿ ಅವಳು ಮಾತಾಡಿದ್ದನ್ನು ಕೇಳಿ ನನಗೆ ಆಗಲೇ ಅನುಮಾನ ಬರಬೇಕಿತ್ತು.

ದಿನ ಒಂದು ಮುಂದೆ ಹೋಯಿತು, ಅಡುಗೆ ಮಾತ್ರ ಹಾಗೇ ಉಳಿಯಿತು. ಆದದ್ದು ಇಷ್ಟೇ. ಆರ್.ಸಿ. ಮನೆಯಾಗಿದ್ದರೆ ಬೆಕ್ಕಿಗೂ ನೆನಪಿರುತ್ತಿತ್ತು. ನಮ್ಮಲ್ಲಿ ಭಾನುವಾರವೊಂದನ್ನು ಬಿಟ್ಟರೆ ಉಳಿದ ವಾರಗಳಿಗೆ ಬೆಲೆಯೇ ಇರಲಿಲ್ಲ. ಅಕ್ಕನಿಗೆ ತಿಳಿಯದ ವಿಷಯವಲ್ಲ, ಆದರೆ ಆ ದಿನ ಅವಳ ತಲೆಯಲ್ಲಿ ಯಾವ ಸೀರೆ, ಯಾವ ರವಿಕೆ, ಮಾವನಿಗೆ ನಮಸ್ಕಾರ ಹೇಗೆ ಹೇಳಬೇಕು, ಇಷ್ಟೇ ತುಂಬಿತ್ತು.

ಮಧ್ಯಾಹ್ನ ಮೂರು ಗಂಟೆಗೆ ನಾನು ಒರಳಿನ ಮುಂದೆ ನಿಂತೆ. ಅತ್ತೆ ಮಣೆಯ ಮೇಲೆ ಕೂತು ಕರಗಿದ ಕೊಬ್ಬನ್ನು ಚಮಚದಲ್ಲಿ ಬಿಡುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಅಕ್ಕ ಇದ್ದಿಲ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ಸೀರೆ ಉಜ್ಜುತ್ತಿದ್ದಳು. ಮಾಂಸ ಅರ್ಧ ನುರಿದಿತ್ತು. ಆಗ ರಸ್ತೆಯಲ್ಲಿ ಮೀನಿನವಳು ಕೂಗಿದಳು. ಕೆರೆಯ ಮೀನನ್ನು ಬುಟ್ಟಿಯಲ್ಲಿ ಹೊತ್ತು ಮಾರುವ ಆ ಹೆಂಗಸು ನಮ್ಮ ಕಡೆ ಬರುತ್ತಿದ್ದದ್ದು ವಾರಕ್ಕೆ ಒಂದೇ ದಿನ, ರಸ್ತೆಯ ಕೊನೆಯಲ್ಲಿದ್ದ ನಾಲ್ಕು ಆರ್.ಸಿ. ಮನೆಗಳಿಗಾಗಿ.

ನನ್ನ ಒನಕೆ ನಿಂತಿತು.

ಶುಕ್ರವಾರ. ನಾಯಿಗೂ ಮೀನೇ.

ನಾನು ಅತ್ತೆಯನ್ನು ನೋಡಿದೆ. ಅತ್ತೆ ನನ್ನನ್ನು ನೋಡಿದಳು. ಚಮಚ ಅವಳ ಕೈಯಲ್ಲೇ ಇತ್ತು, ಸೌಟು ಪಕ್ಕದಲ್ಲೇ ಬಿದ್ದಿತ್ತು. ಸೀನಿದ್ದಕ್ಕೆ ಮೊಣಕೈ ಮುರಿಯುವಷ್ಟು ಹೊಡೆದವಳು ಈಗ ಸೌಟು ಎತ್ತಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತೆಂದು ನನಗೆ ತಿಳಿದದ್ದು ಅದರಿಂದಲೇ.

"ಯಾಕೆ ನಿಲ್ಲಿಸ್ದೆ?" ಎಂದು ಮೆಲ್ಲಗೆ ಕೇಳಿದಳು.

ಪಕ್ಕದ ಕೋಣೆ ಮೂರು ಹೆಜ್ಜೆ. ಅಕ್ಕಾ, ಇವತ್ತು ಶುಕ್ರವಾರ ಕಣೇ ಎಂದು ಕೂಗಿದ್ದರೆ ಸಾಕಿತ್ತು. ಮನೆಯಲ್ಲಿ ಮೊಟ್ಟೆ ಇತ್ತು, ಇನ್ನೂ ಒಂದು ಗಂಟೆ ಇತ್ತು. ನನ್ನ ಕಣ್ಣಿಗೆ ಕಂಡದ್ದು ತುಮಕೂರಿನ ಹಾಸ್ಟೆಲು. ನಾನು ಒಮ್ಮೆಯೂ ನೋಡಿರದ ಆ ಹಾಸ್ಟೆಲಿನ ಕಬ್ಬಿಣದ ಮಂಚ, ಅದರ ಪಕ್ಕದ ಕಿಟಕಿ, ಎಲ್ಲ ಕಂಡಿತು.

"ಏನಿಲ್ಲ. ಕೈ ಬದಲಾಯಿಸ್ದೆ."

"ಕುಟ್ಟು ಹಾಗಾದ್ರೆ" ಅಂದಳು ಅತ್ತೆ.

ಕುಟ್ಟಿದೆ. ಹತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಹಾವು ಮುಂಗುಸಿಯ ಹಾಗಿದ್ದ ನಾನೂ ಅವಳೂ ಒಂದೇ ಮನಸ್ಸಿನವರಾದದ್ದು ಆ ಒಂದು ಸಲ ಮಾತ್ರ. ಅದಕ್ಕೇ ಅವಳನ್ನು ನಾನು ಕ್ಷಮಿಸುವುದಿಲ್ಲ. ಅವಳನ್ನು ಕ್ಷಮಿಸಿದರೆ ಇನ್ನೊಬ್ಬಳನ್ನೂ ಕ್ಷಮಿಸಬೇಕಾಗುತ್ತದೆ.

ನಾಲ್ಕಕ್ಕೆ ಸರಿಯಾಗಿ ಅವರು ಬಂದರು. ತಾಯಿ ಒಳಗೆ ಬಂದವರೇ ಅಕ್ಕನ ಎರಡೂ ಕೈ ಹಿಡಿದು, "ಈ ಕೈಯಿಂದ್ಲೇ ಕಣೋ ನಾನು ಬದುಕಿದ್ದು" ಎಂದು ತಮ್ಮನಿಗೆ ತೋರಿಸಿದರು. ಕರಿಕೋಟಿನ ಮಾವ ನಕ್ಕರು. ನಕ್ಕರೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಹುಡುಗ ಕುರ್ಚಿಯ ತುದಿಯಲ್ಲಿ ಕೂತು ಅಕ್ಕನನ್ನು ನೋಡುವುದು, ನೆಲ ನೋಡುವುದು ಮಾಡುತ್ತಿದ್ದ. ಅಕ್ಕ ಒಳಗೆ ಬಂದು ತಟ್ಟೆ ತೆಗೆದುಕೊಂಡಳು. ಟೋಸ್ಟುಗಳನ್ನು ನೋಡಿ ನನ್ನ ಗಲ್ಲ ಹಿಂಡಿದಳು. ನಾನೂ ಅತ್ತೆಯೂ ಅಡುಗೆಮನೆಯ ಬಾಗಿಲಲ್ಲಿ ನಿಂತೆವು.

ತಾಯಿ ಒಂದು ಟೋಸ್ಟು ಎತ್ತಿಕೊಂಡು ಬಾಯಿಯ ಹತ್ತಿರ ತಂದು, ಅಲ್ಲೇ ತಡೆದರು.

"ಇದು ಏನಮ್ಮ, ಮೇಲಿರೋದು?"

"ದನದ ಮಾಂಸ. ನನ್ನ ತಂಗಿ ಮಾಡಿದ್ದು, ತುಂಬಾ ಚೆನ್ನಾಗಿ ಮಾಡ್ತಾಳೆ" ಅಂದಳು ಅಕ್ಕ, ನನ್ನ ಕಡೆ ತಿರುಗಿ ನಗುತ್ತಾ. ಆ ನಗು ಮುಖದಿಂದ ಇಳಿದುಹೋದದ್ದನ್ನು ನಾನು ನೋಡಿದೆ. ತಾನಾಡಿದ ಮಾತು ತನ್ನ ಕಿವಿಗೆ ಬಿದ್ದ ಮೇಲೆ ಅವಳಿಗೆ ವಾರ ನೆನಪಾಯಿತು.

ತಾಯಿ ಟೋಸ್ಟನ್ನು ತಟ್ಟೆಗೆ ವಾಪಸು ಇಟ್ಟು, "ಪರವಾಗಿಲ್ಲ ಮಗಳೇ, ಮರೆತಿದೆ ನಿಂಗೆ. ಕಾಫಿ ಕೊಡು, ಸಾಕು" ಅಂದರು. ದೊಡ್ಡ ಮನಸ್ಸಿನ ಹೆಂಗಸು.

"ಮರೆತಿಲ್ಲ ಅಕ್ಕ" ಅಂದರು ಮಾವ. "ನಮ್ಮನ್ನ ಪರೀಕ್ಷೆ ಮಾಡೋಕೆ ಇಟ್ಟಿದ್ದಾರೆ."

"ಇಲ್ಲ, ಇಲ್ಲ, ತಪ್ಪು ನಂದು. ನೀವು ನಿನ್ನೆ ಬರ್ಬೇಕಾಗಿತ್ತಲ್ಲ, ನಿನ್ನೆಗೆ ಅಂತ ಬೇಯಿಸಿದ್ದು. ನಂಗೆ ನೈಟ್ ಡ್ಯೂಟಿ ಇತ್ತು, ಗೊತ್ತಾಗ್ಲಿಲ್ಲ..."

"ಶುಕ್ರವಾರ ನೆನಪಿಲ್ಲದವಳು ನಾಳೆ ಮಕ್ಕಳಿಗೆ ಏನಮ್ಮ ಕಲಿಸ್ತೀಯ?"

ಅಪ್ಪ "ಹೂಂ" ಅಂದರು. ಅಭ್ಯಾಸಬಲ. ಅಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತು. ಅವರನ್ನು ಆ ಕ್ಷಣ ಗೊಟ್ಟ ತೆಗೆದುಕೊಂಡು ಹೊಡೆಯಬೇಕೆನ್ನಿಸಿತು ನನಗೆ.

ಅಷ್ಟರಲ್ಲಿ ಬಾಗಿಲಿಂದ ಅತ್ತೆ ಬಾಯಿ ಬಿಟ್ಟಳು. "ನಮ್ಮ ದೇವರಿಗೆ ವಾರ ಇಲ್ಲ. ಏಳು ದಿನಾನೂ ಒಂದೇ ದೇವರು." ಇನ್ನೂ ಆರದಿದ್ದ ಕೆಂಡಕ್ಕೆ ಅವಳು ಸೀಮೆಎಣ್ಣೆ ಹುಯ್ದಳು. ಮಾವ ಎದ್ದು ನಿಂತರು. ಈ ಮನೆಯ ಸಂಬಂಧ ತಮಗೆ ಬೇಡ ಅಂದರು.

ಆಗಲಾದರೂ ನಾನು ಮುಂದೆ ಬರಬಹುದಿತ್ತು. ತಪ್ಪು ಅಕ್ಕನದಲ್ಲ, ನಮಗಿಬ್ಬರಿಗೂ ಗೊತ್ತಿದ್ದೇ ಮಾಡಿದೆವು ಎನ್ನಬಹುದಿತ್ತು. ಅಂದಿದ್ದರೆ ಆ ಮಾವ ಮತ್ತೆ ಕೂರುತ್ತಿದ್ದರೋ ಏನೋ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ.

ಅಕ್ಕ ಹುಡುಗನನ್ನು ಕೇಳಿದಳು. "ನೀವು ಹೇಳಿ. ಮರೆತು ಆಗಿದ್ದು ಅಂತ ನಿಮಗೆ ಗೊತ್ತಲ್ವಾ?"

ಅವನು ತನ್ನ ಕಾಲ್ಚೀಲ ನೋಡಿಕೊಂಡ. "ಮಾವ ಹೇಳೋದು..." ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟ. ಮಾವ ಹೇಳುವುದು ಏನೆಂದು ಇವತ್ತಿನವರೆಗೂ ನಮಗೆ ಗೊತ್ತಾಗಿಲ್ಲ. ಗಂಡಸಂತೆ ಗಂಡಸು!

ಅಕ್ಕ ಒಂದು ನಿಮಿಷ ಕಾದಳು. ಆಮೇಲೆ ತಟ್ಟೆಯನ್ನು ಮೇಜಿನ ಮೇಲಿಟ್ಟು, ಅವನೆದುರಿನ ಸ್ಟೂಲಿನ ಮೇಲೆ ಕೂತು, ತಾಯಿ ವಾಪಸು ಇಟ್ಟಿದ್ದ ಅದೇ ಟೋಸ್ಟನ್ನು ಎತ್ತಿಕೊಂಡು ತಿಂದಳು. ಅದರ ಕರಕರ ಸದ್ದು ಎಲ್ಲರಿಗೂ ಕೇಳಿಸಿತು. ಅವಸರ ಮಾಡದೆ ಪೂರ್ತಿ ತಿಂದು, ಇನ್ನೊಂದನ್ನು ಎತ್ತಿಕೊಂಡಳು. "ಚೆನ್ನಾಗಿದೆ" ಅಂದಳು, ನನ್ನನ್ನು ನೋಡಿ.

ಅವರು ಹೋದರು. ತಾಯಿ ಹೊಸ್ತಿಲು ದಾಟುವಾಗ ಅಕ್ಕನ ತಲೆಯ ಮೇಲೆ ಕೈಯಿಟ್ಟು ಹೋದರು. ಉಳಿದ ಟೋಸ್ಟನ್ನು ಅಪ್ಪನೂ ಅತ್ತೆಯೂ ಕಾಫಿಯ ಜೊತೆ ತಿಂದರು, ಹೌದು, ತಿಂದರು. ಸಂಜೆ ಅಕ್ಕ ಸೀರೆ ಬಿಚ್ಚಿ ಮಡಿಸಿಟ್ಟು, ಹಳೆಯದುಟ್ಟು, ಎಣ್ಣೆಯ ಬಟ್ಟಲು ತಂದು ಅತ್ತೆಯ ಕಾಲ ಬಳಿ ಕೂತಳು. ದಿನದ ಹಾಗೆಯೇ ತಿಕ್ಕಿದಳು, ದಿನದ ಹಾಗೆಯೇ ಪಟ್ಟಿ ಸುತ್ತಿದಳು. ಅತ್ತೆ ಕಣ್ಣು ಮುಚ್ಚಿ ಹಾಯಾಗಿ ಕೂತಿದ್ದಳು. ಅವಳ ಆ ಮುಖ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮೂರು ವಾರ ಕಳೆದು ನಾನು ತುಮಕೂರಿಗೆ ಹೋದೆ. ಬಸ್ಸಿಗೆ ಹತ್ತಿಸಲು ಬಂದವಳು ಅಕ್ಕನೇ. ಹಾಸ್ಟೆಲಿನ ಮಂಚ ಕಬ್ಬಿಣದ್ದೇ ಆಗಿತ್ತು, ಪಕ್ಕದಲ್ಲಿ ಕಿಟಕಿ ಇರಲಿಲ್ಲ. ಟ್ರೈನಿಂಗ್ ಮುಗಿಯಿತು, ಅಲ್ಲೇ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಹುಡುಗ ಒಂದು ವರ್ಷದೊಳಗೆ ಮಾವ ತೋರಿಸಿದವಳನ್ನು ಕಟ್ಟಿಕೊಂಡ. ಅಕ್ಕನಿಗೆ ಬೇರೆ ಗಂಡುಗಳು ಬಂದವು, ಅವಳು ಬೇಡವೆಂದಳು. ಅತ್ತೆ ಮತ್ತೆ ಏಳು ವರ್ಷ ಬದುಕಿದಳು, ಅಕ್ಕನ ಕೈಯಲ್ಲಿ ಗಂಜಿ ಕುಡಿದು, ಅಕ್ಕನ ಕೈಯಲ್ಲೇ ನೆಮ್ಮದಿಯಾಗಿ ಸತ್ತಳು. ನೆಮ್ಮದಿಯಾಗಿ! ನಾನು ಮಣ್ಣಿಗೆ ಬಂದು ಒಂದು ಹನಿ ಕಣ್ಣೀರು ಹಾಕದೆ ವಾಪಸು ಹೋದೆ.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಪ್ಪ ರಿಟೈರಾಗಿ, ಅಕ್ಕನೂ ಅವರೂ ಹೆಬ್ಬಾಳದಲ್ಲೇ ಕೆರೆಯ ಹತ್ತಿರ ಬಾಡಿಗೆ ಮನೆ ಹಿಡಿದಿದ್ದರು. ದಸರಾ ರಜೆಗೆ ನಾನು ಬಂದಿದ್ದೆ. ಮಧ್ಯಾಹ್ನ ಸ್ನಾನ ಮಾಡುತ್ತಿದ್ದಾಗ ಧಬ್ ಧಬ್ ಕೇಳಿಸಿತು. ಆ ಸದ್ದನ್ನು ನಮ್ಮ ಮನೆಯಲ್ಲಿ ಅಷ್ಟು ವರ್ಷದಿಂದ ಯಾರೂ ಕೇಳಿರಲಿಲ್ಲ. ಚೊಂಬು ಹಿಡಿದುಕೊಂಡೇ ನಿಂತೆ. ಕಾಲು ಗಂಟೆ, ಒಂದೇ ಸಮ, ಎಲ್ಲೂ ನಿಲ್ಲಲಿಲ್ಲ.

ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಅಕ್ಕ ಮೇಜಿನ ಮೇಲೆ ತಟ್ಟೆ ಇಟ್ಟಿದ್ದಳು. ದುಂಡನೆಯ ಟೋಸ್ಟು, ಮೇಲೆ ಈರುಳ್ಳಿಯ ಬಳೆ.

"ನಮ್ಮ ವಾರ್ಡಲ್ಲಿ ಒಬ್ಳು ಆರ್.ಸಿ. ಹುಡುಗಿ ಇದಾಳೆ" ಅಂದಳು. "ಹೋದ ಶುಕ್ರವಾರ ಡಬ್ಬೀಲಿ ಮಟನ್ ತಂದಿದ್ಲು. ಏನೇ ಇದು ಅಂದೆ. ಈಗ ತಿನ್ಬಹುದಂತೆ ಕಣೇ. ರೋಮಿಂದಾನೇ ಸಡಿಲ ಮಾಡಿದಾರಂತೆ. ಬದಲಿಗೆ ಬೇರೆ ಏನಾದ್ರೂ ಒಳ್ಳೇ ಕೆಲಸ ಮಾಡಿದ್ರೆ ಸಾಕಂತೆ."

ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಅವತ್ತೂ ಶುಕ್ರವಾರವೇ ಎಂದು ನನಗೆ ಆಗ ಹೊಳೆಯಿತು. ಅಕ್ಕ ನನ್ನೆದುರು ಕೂತಳು.

"ಅವತ್ತು ನಾನು ಸೀರೆ ಇಸ್ತ್ರಿ ಮಾಡ್ತಾ ಇದ್ದೆ" ಅಂದಳು. "ಮೀನಿನವಳು ಕೂಗಿದ್ಲು. ನಿನ್ನ ಒನಕೆ ನಿಂತು ಹೋಯ್ತು."

ನಾನು ಒದ್ದೆ ಟವಲು ಮಡಿಸತೊಡಗಿದೆ.

"ನಾನು ಅಂದ್ಕೊಂಡೆ, ಇವಳಿಗೀಗ ಸೌಟಿನ ಏಟು ಬೀಳುತ್ತೆ ಅಂತ. ಬೀಳ್ಲೇ ಇಲ್ಲ. ಅದು ಯಾಕೆ ಅಂತ ಆಮೇಲೆ ಗೊತ್ತಾಯ್ತು." ತಟ್ಟೆಯನ್ನು ನನ್ನ ಕಡೆ ಸರಿಸಿದಳು. "ನಿಲ್ಲಿಸ್ದೋಳು ಮತ್ತೆ ಯಾಕೆ ಶುರು ಮಾಡ್ದೆ?"

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಜಗಳವಾಡುವುದು ನನಗೆ ಬರುತ್ತದೆ. ಹತ್ತು ವರ್ಷ ಅವಳು ಇದನ್ನು ಇಟ್ಟುಕೊಂಡೇ ನನ್ನ ಬಾಣಂತನ ಮಾಡಿದ್ದಳು, ನನ್ನ ಮಗುವಿಗೆ ಸ್ವೆಟರ್ ಹೆಣೆದಿದ್ದಳು, ನನ್ನ ಸ್ಕೂಲಿನ ಕಥೆಗಳನ್ನೆಲ್ಲ ಕೇಳಿದ್ದಳು.

"ನೀನು ಹೋಗ್ಬಿಟ್ರೆ ನಾನೊಬ್ಳೇ ಆ ಮನೇಲಿ ಉಳೀಬೇಕಾಗಿತ್ತು ಕಣಕ್ಕಾ" ಅಂದೆ.

"ಹೂಂ" ಅಂದಳು ಅಕ್ಕ, ಥೇಟ್ ಅಪ್ಪನ ಹಾಗೆ. ಒಂದು ಟೋಸ್ಟು ಎತ್ತಿ ನನ್ನ ಕೈಗೆ ಕೊಟ್ಟಳು. "ನಾನು ಉಳ್ಕೊಂಡೆ. ತಿನ್ನು, ಆರಿ ಹೋಗುತ್ತೆ."